ವಂಶವಾಹಿ ಮಡಚುವುದಿಲ್ಲ

ಕಳೆದ ಸಂಚಿಕೆಗೆ ಒಬ್ಬರು ಹೀಗೊಂದು ಪ್ರತಿಕ್ರಿಯೆ ಬರೆದಿದ್ದಾರೆ: "ಭ್ರೂಣದ ಆಕಾರವೆಲ್ಲ ಡಿಎನ್‌ಎಯಲ್ಲೇ ಬರೆದಿದೆ, ಅಲ್ಲಿ ಭೌತಶಾಸ್ತ್ರಕ್ಕೇನು ಕೆಲಸ?" ಬರೆದಿಟ್ಟ ಮಾತ್ರಕ್ಕೆ ಕಾಗದ ತಾನಾಗಿ ಮಡಚಿಕೊಳ್ಳುತ್ತದೆಯೇ? ವಂಶವಾಹಿ ಮಡಚುವುದಿಲ್ಲ, ಬಲ ಮಡಚುತ್ತದೆ.

ಹಣ್ಣುನೊಣದ ಭ್ರೂಣವನ್ನೇ ನೋಡಿ. ಅರ್ಧ ಮಿಲಿಮೀಟರ್ ಉದ್ದದ ಆ ಮೊಟ್ಟೆಯಲ್ಲಿ, ಮೂರು ಗಂಟೆಗಳ ಹೊತ್ತಿಗೆ, ಸುಮಾರು 6,000 ಕೋಶಗಳು ಒಂದೇ ಪದರವಾಗಿ ನಿಂತಿರುತ್ತವೆ. ಆಮೇಲೆ ಹೊಟ್ಟೆಯ ಬದಿಯ ಕೋಶಗಳು ತಮ್ಮ ಹೊರತುದಿಯನ್ನು, ಸಂಚಿಯ ಬಾಯಿದಾರವನ್ನು ಎಳೆದಂತೆ, ಬಿಗಿಯತೊಡಗುತ್ತವೆ. ಎಳೆಯುವುದು ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ಮೇಲೆ ದುಡಿಯುವ ಮಯೋಸಿನ್ ಎಂಬ ಇನ್ನೊಂದು ಪ್ರೋಟೀನ್. ಅದೂ ಒಮ್ಮೆಲೇ ಅಲ್ಲ, ಮಿಡಿತ ಮಿಡಿತವಾಗಿ, ಪ್ರತಿ ಮಿಡಿತದಲ್ಲಿ ಬಿಗಿದಷ್ಟನ್ನು ಸಡಿಲಬಿಡದೆ. ಕೆಲವೇ ನಿಮಿಷಗಳಲ್ಲಿ ಇಡೀ ಪಟ್ಟಿ ಒಳಕ್ಕೆ ಮಡಚಿಕೊಳ್ಳುತ್ತದೆ.

"ಟ್ವಿಸ್ಟ್, ಸ್ನೇಲ್ ಎಂಬ ವಂಶವಾಹಿಗಳಿಲ್ಲದೆ ಇದು ನಡೆಯದು, ಮಯೋಸಿನ್ ಕೂಡ ವಂಶವಾಹಿಯದೇ ಉತ್ಪನ್ನ" ಎನ್ನುವವರಿದ್ದಾರೆ. ಸರಿ ಸ್ವಾಮಿ, ಹಾಗಾದರೆ ಮನೆ ಕಟ್ಟಿದವನು ಇಟ್ಟಿಗೆ ಸುಟ್ಟವನೇ ಇರಬೇಕು! 2003ರಲ್ಲಿ ವಿಜ್ಞಾನಿ ಎಮ್ಯಾನುಯೆಲ್ ಫಾರ್ಜ್ ಭ್ರೂಣವನ್ನು ಹೊರಗಿನಿಂದ ಒತ್ತಿ ತೋರಿಸಿದ್ದಾರೆ: ಎಲ್ಲಿ ಸುಮ್ಮನಿರಬೇಕಿತ್ತೋ ಅಲ್ಲಿಯೂ ಟ್ವಿಸ್ಟ್ ಚುರುಕಾಯಿತು. ಅಂದರೆ ಒತ್ತಡವೇ ವಂಶವಾಹಿಗೆ ಅಪ್ಪಣೆ ಕೊಟ್ಟಿತು. ಈಗ ಯಜಮಾನ ಯಾರು?

ಇನ್ನೂ ಅನುಮಾನವೇ? ಕೋಶಪೊರೆಗಳೇ ರೂಪುಗೊಳ್ಳದ ಭ್ರೂಣಗಳಲ್ಲಿಯೂ ಮೇಲ್ಮೈ ಬಿಗಿತಕ್ಕೆ ಒಳದ್ರವ್ಯ ಹರಿದು ಸರಿಯುತ್ತದೆಂದು 2014ರಲ್ಲಿ ತೋರಿಸಿದವರಲ್ಲಿ ಒಬ್ಬರು ಎರಿಕ್ ವೀಶಾಸ್. ಭ್ರೂಣ ಬೆಳವಣಿಗೆಯ ವಂಶವಾಹಿಗಳನ್ನು ಪತ್ತೆಹಚ್ಚಿದ್ದಕ್ಕೆ 1995ರ ನೊಬೆಲ್ ಹಂಚಿಕೊಂಡವರೂ ಅವರೇ. ವಂಶವಾಹಿಗಳ ಕಡೆಯ ಸಾಕ್ಷಿಯೇ ನಮ್ಮ ಪರ ನುಡಿದ ಮೇಲೆ ವಾದವೇಕೆ ಎಳೆಯಬೇಕು? (ಈ ಸರಣಿಗೆ ಚಂದಾದಾರರಾಗದವರು ಇಲ್ಲಿಯೇ ಆಗಿಬಿಡಿ, ಎಳೆತಕ್ಕೆ ಒಲಿಯದ ಕೋಶವೇ ಇಲ್ಲ, ನೀವೂ ಒಲಿಯಬಹುದು.)

ಭ್ರೂಣದ ಪಟ್ಟಿ (ಮುಂದೆ ಮುಂಡವಾಗುವ ಅಂಗಾಂಶ) ಮೊದಲಿನ ಎರಡರಷ್ಟಕ್ಕಿಂತ ಹೆಚ್ಚು ಉದ್ದವಾಗುವುದೂ ಹೆಚ್ಚಾಗಿ ಕೋಶಗಳು ನೆರೆಹೊರೆ ಬದಲಿಸಿ ಒಂದರ ನಡುವೆ ಇನ್ನೊಂದು ತೂರಿಕೊಳ್ಳುವುದರಿಂದ, ಜೊತೆಗೆ ಹಿಂಬದಿಯಲ್ಲಿ ಒಳಮಡಚುತ್ತಿರುವ ಕರುಳಿನ ಭಾಗ ಎಳೆಯುವುದರಿಂದ. ಬಲ, ಬಲ, ಮತ್ತೆ ಬಲ. ಇದಕ್ಕಿಂತ ಹೆಚ್ಚಿನ ಕಾರಣ ನಾನು ಕೊಡಲಾರೆ, ಕೊಡಬೇಕಾಗಿಯೂ ಇಲ್ಲ. ಮುಂದಿನ ಸಂಚಿಕೆ ತಲೆ ಮತ್ತು ಮುಂಡದ ನಡುವಿನ ಮಡಿಕೆಯ ಕುರಿತು. ಅದು ಮೂಡದಿದ್ದರೆ ಅಂಗಾಂಶ ಅಕ್ಕಪಕ್ಕದಲ್ಲಿ ಅಡ್ಡಾದಿಡ್ಡಿಯಾಗಿ ಮಡಚಿಕೊಳ್ಳುತ್ತದೆ. ಅದೂ ಡಿಎನ್‌ಎಯಲ್ಲೇ ಬರೆದಿತ್ತು ಎನ್ನುವವರು ದಯವಿಟ್ಟು ಪುಟಸಂಖ್ಯೆಯನ್ನೂ ತಿಳಿಸಿ.