ಹತ್ತನೇ ಫೇಲಾಗಿ ಮನೇಲಿರೋ ಮಕ್ಕಳಿಗೆ ಕೆಲಸದ ದಾರಿ: ಎಲ್ಲಿಂದ ಶುರು ಮಾಡೋದು?

[ಪರದೆಯಲ್ಲಿ: ಶೀರ್ಷಿಕೆ]

ನಮಸ್ಕಾರ. ಓದು ಅರ್ಧಕ್ಕೆ ನಿಂತು, ಕೆಲಸಾನೂ ಇಲ್ಲದೆ ಮನೇಲಿರೋ ಒಬ್ಬ ಹುಡುಗನೋ ಹುಡುಗಿಯೋ ನಿಮ್ಮ ಬೀದಿಯಲ್ಲೇ ಇರ್ತಾರೆ. ಸಹಾಯಕ್ಕೆ ಹೋದವರು ಮೊದಲು ಕೇಳೋದು, "ನಿಂಗೇನಾಗ್ಬೇಕು ಅಂತ ಆಸೆ?" ಈ ಪ್ರಶ್ನೆ ಸದ್ಯಕ್ಕೆ ಬೇಡ. ವರ್ಷಗಟ್ಟಲೆ ಬೈಸಿಕೊಂಡವರು ಇದಕ್ಕೆ ತಲೆ ತಗ್ಗಿಸ್ತಾರೆ, ಇಲ್ಲಾಂದ್ರೆ "ಪೊಲೀಸ್" ಅಂದು ಮುಗಿಸ್ತಾರೆ. ಮೊದಲು ಕಾಗದಪತ್ರ, ಆಮೇಲೆ ನಾಲ್ಕು ಕೆಲಸ ಕಣ್ಣಾರೆ ನೋಡೋದು. ಆಯ್ಕೆ ಅದರ ನಂತರ.

[ಪರದೆಯಲ್ಲಿ: ಆಧಾರ್, ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್ ಪಕ್ಕಪಕ್ಕ]

ಮೂರರಲ್ಲೂ ಹೆಸರು ಅಕ್ಷರ ಅಕ್ಷರ ಹೋಲಿಸಿ. ನಮ್ಮಲ್ಲಿ ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಮಂಜುನಾಥ ಅಂತ ಇಂಗ್ಲಿಷಲ್ಲಿ ಬರೆಯುವಾಗ ಕೊನೆಗೆ ಒಂದು 'ಎ' ಒಂದರಲ್ಲಿ ಇರತ್ತೆ, ಇನ್ನೊಂದರಲ್ಲಿ ಇರಲ್ಲ. ಪಿಎಫ್ (ಸಂಬಳದಿಂದ ಹಿಡಿಯೋ ಭವಿಷ್ಯ ನಿಧಿ) ಖಾತೆ ಮಾಡೋ ಹೊತ್ತಿಗೆ ಇದೇ ಕುತ್ತಿಗೆಗೆ ಬರೋದು. ಆಧಾರ್‌ನಲ್ಲಿ ಹೆಸರು ಎರಡು ಸಲ, ಹುಟ್ಟಿದ ದಿನಾಂಕ ಒಂದೇ ಸಲ ತಿದ್ದಬಹುದು. ಹಾಗಾಗಿ ಸೈಬರ್ ಸೆಂಟರ್‌ನವರು ಟೈಪ್ ಮಾಡಿದ್ದನ್ನ ಮಾರ್ಕ್ಸ್ ಕಾರ್ಡ್ ಎದುರಿಗಿಟ್ಟುಕೊಂಡು ಓದಿ, ಆಮೇಲೇ ಸಬ್ಮಿಟ್ ಮಾಡಿಸಿ.

ಬ್ಯಾಂಕ್ ಖಾತೆಗೆ ಆಧಾರ್ ಲಿಂಕ್ ಆಗಿದೆ ಅಂದ ಮಾತ್ರಕ್ಕೆ ಸಾಲದು. ಸರ್ಕಾರದ ದುಡ್ಡು ಬರಬೇಕಾದರೆ ಡಿಬಿಟಿಗೆ, ಅಂದ್ರೆ ದುಡ್ಡು ನೇರ ಖಾತೆಗೆ ಹಾಕೋ ವ್ಯವಸ್ಥೆಗೆ, ಆ ಖಾತೆ ಸೀಡ್ (ಜೋಡಣೆ) ಆಗಿರಬೇಕು, ಅದು ಬೇರೆ. ಗೃಹಲಕ್ಷ್ಮಿ ಹಣಕ್ಕೆ ಅಲೆದವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಟಿಸಿ ಶಾಲೆಯಲ್ಲೇ ಉಳಿದಿದ್ದರೆ ಈಗಲೇ ತನ್ನಿ.

[ಪರದೆಯಲ್ಲಿ: ವೆಲ್ಡಿಂಗ್ ಶಾಪ್, ಗ್ಯಾರೇಜ್, ಹೊಲಿಗೆ ಘಟಕ]

ಕಾಗದ ಓಡಾಡ್ತಿರುವಾಗಲೇ ಮಾಲೀಕರನ್ನ ಕೇಳಿ, ಒಂದೊಂದು ಕಡೆ ಎರಡು ಪೂರ್ತಿ ದಿನ ಕೂರಿಸಿ. ಒಂದು ಗಂಟೆಯಲ್ಲಿ ಏನೂ ಗೊತ್ತಾಗಲ್ಲ; ಮಧ್ಯಾಹ್ನ ಮೂರಕ್ಕೆ ಶೀಟಿನ ಕೆಳಗೆ ಸೆಖೆ ಹೆಂಗಿರತ್ತೆ ಅಂತ ನೋಡಬೇಕು. ಹದಿನೆಂಟು ತುಂಬದವರು ನೋಡಲಿ ಅಷ್ಟೇ, ಮೆಷಿನ್ ಮುಟ್ಟೋದು ಬೇಡ. ವರ್ಷ ಕಳೆದ ಮೇಲೆ ಸಂಬಳ ಎಷ್ಟಾಗತ್ತೆ, ಸಾಮಾನು ಯಾರದ್ದು, ಸಂಜೆ ಬಿಡೋದು ಎಷ್ಟೊತ್ತಿಗೆ ಅಂತ ಅವರೇ ಬಾಯಿಬಿಟ್ಟು ಕೇಳಲಿ. ಹೆಣ್ಣುಮಕ್ಕಳಾದರೆ ಊರಿಗೆ ಕೊನೇ ಬಸ್ ಎಷ್ಟಕ್ಕೆ ಅನ್ನೋದು ಸಂಬಳಕ್ಕಿಂತ ಮೊದಲಿನ ಪ್ರಶ್ನೆ.

ಈಗ ಓದಿನ ವಿಷಯ. ಎಸ್‌ಎಸ್‌ಎಲ್‌ಸಿಯಲ್ಲಿ ಹೋದ ವಿಷಯಗಳನ್ನ ಮಾತ್ರ ಬರೆದರೆ ಸಾಕು. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಯತ್ತೆ. ಗಣಿತ ಒಂದೇ ಬಾಕಿ ಇದ್ದರೆ ಇದೇ ಹತ್ತಿರದ ದಾರಿ. ಪದೇ ಪದೇ ಗಣಿತದಲ್ಲೇ ಸಿಕ್ಕಿಹಾಕಿಕೊಂಡವರಿಗೆ ಎನ್‌ಐಓಎಸ್, ಅಂದ್ರೆ ಕೇಂದ್ರದ ಮುಕ್ತ ಶಾಲೆ, ಇದೆ: ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ, ಗಣಿತ ಕಡ್ಡಾಯವಲ್ಲ. ಮೊದಲೇ ಪಾಸಾದ ಎರಡು ವಿಷಯದವರೆಗಿನ ಅಂಕ ಅಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ಐದು ವರ್ಷದಲ್ಲಿ ಒಂಬತ್ತು ಅವಕಾಶ. ಆದರೆ ಒಂದು ಎಚ್ಚರಿಕೆ. ಗಣಿತ, ವಿಜ್ಞಾನ ಎರಡನ್ನೂ ಬಿಟ್ಟು ಹತ್ತನೇ ಮುಗಿಸಿದರೆ ಐಟಿಐ ಎಲೆಕ್ಟ್ರಿಷಿಯನ್, ಫಿಟ್ಟರ್ ಥರದ ಟ್ರೇಡುಗಳ ಬಾಗಿಲು ಹಾಕಿಕೊಳ್ಳತ್ತೆ. ಈ ಮಾತನ್ನ ಫೀಸ್ ಕಟ್ಟೋ ಮೊದಲೇ ಹೇಳಿ.

ಹತ್ತನೇ ಪಾಸಾಗದಿದ್ದರೂ ಐಟಿಐ ಇದೆ. ವೆಲ್ಡರ್ ಮತ್ತು ಹೊಲಿಗೆಗೆ ಎಂಟನೇ ಪಾಸ್ ಸಾಕು, ಒಂದೇ ವರ್ಷದ ಕೋರ್ಸ್. ವೈರ್‌ಮನ್‌ಗೂ ಎಂಟನೇ ಪಾಸ್ ಸಾಕು, ಅದು ಎರಡು ವರ್ಷ. ಕನಿಷ್ಠ ವಯಸ್ಸು 14. ಹದಿನಾರು, ಹದಿನೇಳರವರನ್ನ ಯಾರದೋ ಗುತ್ತಿಗೆಗೆ ಕಳಿಸೋದಕ್ಕಿಂತ ಇಲ್ಲಿ ಸೇರಿಸೋದು ಎಷ್ಟೋ ಮೇಲು.

ಕಲೀತಾ ದುಡೀಬೇಕು ಅನ್ನೋರಿಗೆ ಅಪ್ರೆಂಟಿಸ್‌ಶಿಪ್. 2019ರಲ್ಲಿ ನಿಗದಿಯಾದ ಕನಿಷ್ಠ ಸ್ಟೈಪೆಂಡ್, ಐದರಿಂದ ಒಂಬತ್ತನೇ ತರಗತಿ ಓದಿದವರಿಗೆ ತಿಂಗಳಿಗೆ 5,000, ಹತ್ತನೇ ಪಾಸಾದವರಿಗೆ 6,000 ರೂಪಾಯಿ. ಇದಕ್ಕೆ ಪಿಎಫ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಇರಲ್ಲ. ಒಪ್ಪಂದ ಸರ್ಕಾರದ ಪೋರ್ಟಲ್‌ನಲ್ಲಿ ನೋಂದಣಿ ಆಗಿದೆಯಾ ನೋಡಿ. ಆಗದಿದ್ದರೆ ಕೊನೆಗೆ ಸರ್ಟಿಫಿಕೇಟೂ ಇಲ್ಲ, ಕಡಿಮೆ ಸಂಬಳಕ್ಕೆ ದುಡಿದದ್ದಷ್ಟೇ.

1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್, ಅದೇ ಮಾದರಿಯಲ್ಲಿ ಬ್ಯಾಂಕುಗಳು ನಡೆಸೋ ತರಬೇತಿ ಸಂಸ್ಥೆಗಳಾದ ಆರ್‌ಸೆಟಿಗಳು ಊಟ, ವಸತಿ ಕೊಟ್ಟು ಉಚಿತವಾಗಿ ಕಲಿಸ್ತವೆ. ಆದರೆ ಅದು ಮುಖ್ಯವಾಗಿ ಸ್ವಂತ ಉದ್ಯೋಗಕ್ಕೆ. ಮೂವತ್ತು ದಿನ ಬೈಕ್ ರಿಪೇರಿ ಕಲಿತು ನೇರ ಅಂಗಡಿ ಹಾಕಿದರೆ ಗಿರಾಕಿ ಬರಲ್ಲ. ಆರು ತಿಂಗಳು ಯಾರದಾದರೂ ಕೈಕೆಳಗೆ ದುಡಿದು, ಆಮೇಲೆ ಆರ್‌ಸೆಟಿಗೆ ಹೋದವರು ನಿಲ್ಲೋ ಸಾಧ್ಯತೆ ಜಾಸ್ತಿ. ಅಂದಹಾಗೆ, ರಾಜ್ಯದ ನಿರುದ್ಯೋಗ ಭತ್ಯೆ ಯುವನಿಧಿ ಇರೋದು ಡಿಗ್ರಿ, ಡಿಪ್ಲೊಮಾ ಆದವರಿಗೆ. ಇವರನ್ನ ಅದರ ಹಿಂದೆ ಓಡಿಸಬೇಡಿ.

[ಪರದೆಯಲ್ಲಿ: 15,000 – 1,800 – 113 = 13,087]

ಕೆಲಸ ಸಿಕ್ಕ ಮೇಲೇ ಹೆಚ್ಚು ಜನ ಕೈಬಿಡೋದು. ಪೀಣ್ಯದಲ್ಲೋ ಬಿಡದಿಯಲ್ಲೋ 15,000 ಸಂಬಳ ಅಂತ ಇಟ್ಕೊಳ್ಳಿ. ಪೂರ್ತಿ ಮೊತ್ತದ ಮೇಲೆ ಪಿಎಫ್ 12 ಪರ್ಸೆಂಟ್ ಅಂದ್ರೆ 1,800, ಇಎಸ್‌ಐ 0.75 ಪರ್ಸೆಂಟ್ ಅಂದ್ರೆ 113 ಹೋಗಿ ಕೈಗೆ 13,087. ಇದನ್ನ ಮೊದಲೇ ಕೂರಿಸಿ ಲೆಕ್ಕ ಹಾಕಿ ತೋರಿಸಿ. ಇಲ್ಲದಿದ್ದರೆ ಮೊದಲ ಸ್ಲಿಪ್ ನೋಡಿ "ಕಂಪನಿ ಮೋಸ ಮಾಡ್ತು" ಅಂತ ಊರಿಗೆ ಬಸ್ ಹತ್ತುತ್ತಾರೆ. ಅದಕ್ಕಿಂತ ದೊಡ್ಡ ಸಮಸ್ಯೆ, ಮೊದಲ ಸಂಬಳ ಕೈಗೆ ಬರೋಕೆ ಮೂವತ್ತೈದು, ನಲವತ್ತು ದಿನ ಆಗಬಹುದು. ಅಲ್ಲೀತನಕ ಪಿಜಿ, ಊಟ, ಬಸ್ಸಿಗೆ ದುಡ್ಡೆಲ್ಲಿ? ಹೋಗೋ ಮೊದಲೇ ಇದಕ್ಕೆ ಹತ್ತು ಸಾವಿರವಾದರೂ ಸಾಲವಾಗಿ ಹೊಂದಿಸಿ. ನಮ್ಮ ಪ್ರಕಾರ ಎರಡು ದಿನದ ಸ್ಫೂರ್ತಿ ಶಿಬಿರಕ್ಕಿಂತ ಈ ಹತ್ತು ಸಾವಿರ ಹೆಚ್ಚು ಕೆಲಸ ಮಾಡತ್ತೆ.

ಕೆಲಸ ಕೊಡಿಸ್ತೀನಿ ಅಂತ ಯೂನಿಫಾರ್ಮ್ ಡಿಪಾಸಿಟ್, ರಿಜಿಸ್ಟ್ರೇಷನ್ ಫೀ ಕೇಳಿದರೆ ಅಲ್ಲಿಂದ ವಾಪಸ್ ಬನ್ನಿ. ಮಾರ್ಕ್ಸ್ ಕಾರ್ಡ್ ಒರಿಜಿನಲ್ ಯಾರ ಕೈಗೂ ಕೊಟ್ಟು ಬರಬಾರದು, ತೋರಿಸಿ ಜೆರಾಕ್ಸ್ ಕೊಡಿ.

ಸೇರಿದ ಮೂರನೇ ದಿನ, ಹತ್ತನೇ ದಿನ, ಸಂಬಳದ ದಿನ ಫೋನ್ ಮಾಡಿ. "ಹೆಂಗಿದೆ?" ಅಂತ ಬೇಡ, "ಊಟ ಎಲ್ಲಿ ಮಾಡ್ತೀಯ, ಸೂಪರ್‌ವೈಸರ್ ಹೆಸರೇನು?" ಅಂತ ಕೇಳಿ, ಆಗ ಮಾತು ಬರತ್ತೆ. ಮೊದಲ ಸಲ ಪಿಎಫ್‌ಗೆ ಸೇರಿದವರಿಗೆ ಕೇಂದ್ರದ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯಲ್ಲಿ ಒಂದು ತಿಂಗಳ ಪಿಎಫ್ ವೇತನದಷ್ಟು, ಗರಿಷ್ಠ 15,000 ರೂಪಾಯಿ, ಎರಡು ಕಂತಲ್ಲಿ ಸಿಗತ್ತೆ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರೊಳಗೆ ಹುಟ್ಟಿದ ಕೆಲಸ ಆಗಿರಬೇಕು. ಮೊದಲ ಕಂತು ಆರು ತಿಂಗಳು ಪೂರೈಸಿದ ಮೇಲೆ. ಐದನೇ ತಿಂಗಳಲ್ಲಿ ಕೆಲಸ ಬಿಡ್ತೀನಿ ಅನ್ನೋರಿಗೆ ಇದನ್ನ ನೆನಪಿಸಿ. ಆಮೇಲೂ ಬಿಟ್ಟರೆ ಬಿಡಲಿ, ಯುಎಎನ್ ನಂಬರ್ (ಕಂಪನಿ ಬದಲಾದರೂ ಬದಲಾಗದ ಪಿಎಫ್ ನಂಬರ್) ಮಾತ್ರ ಬರೆದಿಟ್ಟುಕೊಂಡು ಮುಂದಿನ ಕಂಪನಿಗೆ ಅದನ್ನೇ ಕೊಡಬೇಕು. ಎರಡನೇ ನಂಬರ್ ಮಾಡಿಸಿಕೊಂಡರೆ ಹಳೇ ಪಿಎಫ್ ವರ್ಗಾಯಿಸೋಕೆ ಮತ್ತೆ ಅಲೆದಾಟ.