ಆಂಬುಲೆನ್ಸ್ ಕೆಲಸದಲ್ಲಿ 20 ವರ್ಷ ಉಳಿಯುವುದು

ಕೇಳುಗರಿಗೆ ನಮಸ್ಕಾರ.

ಆಂಬುಲೆನ್ಸ್‌ನಲ್ಲಿ ದುಡಿಯುವವರು ಯಾಕೆ ಕೆಲಸ ಬಿಡುತ್ತಾರೆ ಎಂದು ಹೊರಗಿನವರನ್ನು ಕೇಳಿದರೆ, ರಕ್ತ, ಸಾವು, ಅಪಘಾತ ನೋಡಿ ನೋಡಿ ಮನಸ್ಸು ಕುಸಿದಿರಬೇಕು ಅನ್ನುತ್ತಾರೆ. ಅದು ಸುಳ್ಳಲ್ಲ. ಆದರೆ ಒಳಗಿನವರ ಪಟ್ಟಿಯೇ ಬೇರೆ. ನಿದ್ದೆಯಿಲ್ಲ, ಸೊಂಟ ಹೋಯಿತು, ಪಾಳಿ ಮುಗಿಯಲು ಹತ್ತು ನಿಮಿಷ ಇರುವಾಗ ಕರೆ ಬರುತ್ತದೆ, ಆಸ್ಪತ್ರೆಯ ಬಾಗಿಲಲ್ಲಿ ರೋಗಿಯನ್ನು ಒಪ್ಪಿಸಲು ಸ್ಟ್ರೆಚರ್ ಹಿಡಿದು ಗಂಟೆಗಟ್ಟಲೆ ನಿಲ್ಲಬೇಕು, ಒಪ್ಪಿಸಿದ ಮೇಲೆ ಆ ಜೀವ ಉಳಿಯಿತೋ ಇಲ್ಲವೋ ಯಾರೂ ಹೇಳುವುದಿಲ್ಲ. ಇವತ್ತಿನ ಮಾತು ಈ ಎರಡನೆಯ ಪಟ್ಟಿಯ ಮೇಲೆ. ಅಪಘಾತಗಳನ್ನು ನಿಲ್ಲಿಸುವುದು ಯಾರ ಕೈಯಲ್ಲೂ ಇಲ್ಲ, ಡ್ಯೂಟಿ ಪಟ್ಟಿಯನ್ನು ತಿದ್ದುವುದು ಕೈಯಲ್ಲಿದೆ.

ಬರ್ನ್‌ಔಟ್, ಅಂದರೆ ಕೆಲಸದ ಒತ್ತಡದಲ್ಲಿ ಬಳಲಿ ಬತ್ತಿಹೋಗುವ ಸ್ಥಿತಿ, ಅದರ ಬಗ್ಗೆ 1974ರಲ್ಲಿ ಮೊದಲು ಬರೆದವರಲ್ಲಿ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಪ್ರಮುಖರು. 1981ರಲ್ಲಿ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಅದನ್ನು ಅಳೆಯುವ ಪ್ರಶ್ನಾವಳಿ ಪ್ರಕಟಿಸಿದರು. ಅವರು ನೋಡಿದ್ದು ಮೂರು ಸಂಗತಿ: ಭಾವನೆಗಳೇ ಬತ್ತಿಹೋಗುವಷ್ಟು ದಣಿವು, ಎದುರಿನ ಮನುಷ್ಯನನ್ನು ವಸ್ತುವಿನಂತೆ ಕಾಣುವುದು, ನನ್ನ ಕೆಲಸದಿಂದ ಏನೂ ಆಗುತ್ತಿಲ್ಲ ಎಂಬ ನಂಬಿಕೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ವರ್ಗೀಕರಣದಲ್ಲಿ ಇದನ್ನು ಕಾಯಿಲೆ ಎಂದು ಕರೆದಿಲ್ಲ. ಸರಿಯಾಗಿ ನಿಭಾಯಿಸದ, ದೀರ್ಘಕಾಲದ ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿ ಎಂದಿದೆ. ಹಾಗಾಗಿ ಪರೀಕ್ಷೆಯನ್ನು ನೌಕರನ ಮನಸ್ಸಿನಿಂದಲ್ಲ, ಕೆಲಸದ ಜಾಗದಿಂದಲೇ ಶುರು ಮಾಡಬೇಕು.

ಎರಡನೆಯ ಲಕ್ಷಣ, ಅಂದರೆ ಎದುರಿನವರನ್ನು ವಸ್ತುವಿನಂತೆ ಕಾಣುವುದು, ಬಂದಿದೆಯೇ ಎಂದು ತಿಳಿಯಲು ಪ್ರಶ್ನಾವಳಿಯೇ ಬೇಕೆಂದಿಲ್ಲ, ರೋಗಿಯ ವರದಿ ಹಾಳೆ ಸಾಕು. ಉಸಿರಾಟದ ಅಂಕಣ ನೋಡಿ. ನಾಡಿ, ರಕ್ತದೊತ್ತಡ, ಆಮ್ಲಜನಕದ ಮಟ್ಟವನ್ನು ಯಂತ್ರವೇ ತೋರಿಸುತ್ತದೆ. ಉಸಿರನ್ನು ಮಾತ್ರ ಬಹುಪಾಲು ಕಡೆ ಇಂದಿಗೂ ಎದೆಯ ಏರಿಳಿತ ನೋಡುತ್ತಾ ಗಡಿಯಾರ ಹಿಡಿದು 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಬೇಕು, ಉಸಿರಾಟ ಏರುಪೇರಾಗಿದ್ದರೆ ಪೂರ್ತಿ ಒಂದು ನಿಮಿಷ. ದಣಿದವರು ಮೊದಲು ಕೈಬಿಡುವುದು ಇದನ್ನೇ. ಎಣಿಸದೆಯೇ ಒಂದು ಅಂಕಿ ಬರೆಯುತ್ತಾರೆ: ಜ್ವರದವರಿಗೂ 18, ಕಾಲು ಮುರಿದವರಿಗೂ 18, ಏದುಸಿರು ಬಿಡುವವರಿಗೂ 18. ಒಬ್ಬರ ಹಾಳೆಗಳಲ್ಲಿ ವಾರಗಟ್ಟಲೆ ಒಂದೇ ಅಂಕಿ ಬರುತ್ತಿದ್ದರೆ ಮೇಲ್ವಿಚಾರಕರು ಮೆಮೊ ಕೊಡುವ ಮೊದಲು ಅವರ ಡ್ಯೂಟಿ ಪಟ್ಟಿ ತೆಗೆದು, ಹಿಂದಿನ ತಿಂಗಳು ಎಷ್ಟು ರಾತ್ರಿ ದುಡಿದಿದ್ದಾರೆ ಎಂದು ನೋಡುವುದು ಒಳ್ಳೆಯದು.

ಯಾಕೆಂದರೆ ಎಲ್ಲದರ ಬುಡದಲ್ಲಿರುವುದು ನಿದ್ದೆ. 1997ರಲ್ಲಿ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು ನಿದ್ದೆಗೆಟ್ಟವರನ್ನೂ ಮದ್ಯ ಕುಡಿದವರನ್ನೂ ಒಂದೇ ಪರೀಕ್ಷೆಗೆ ಒಡ್ಡಿದರು. 17 ಗಂಟೆ ಎಚ್ಚರವಿದ್ದವರ ಕೈಚಳಕ ರಕ್ತದಲ್ಲಿ ಶೇಕಡಾ 0.05 ಮದ್ಯವಿದ್ದವರ ಮಟ್ಟಕ್ಕೆ ಇಳಿದಿತ್ತು. 24 ಗಂಟೆಯಾದಾಗ ಅದು ಸುಮಾರು ಶೇಕಡಾ 0.10ಕ್ಕೆ ಸಮ. ಅಷ್ಟು ಕುಡಿದವರ ಕೈಗೆ ಯಾರೂ ಆಂಬುಲೆನ್ಸ್‌ನ ಕೀಲಿ ಕೊಡುವುದಿಲ್ಲ. ನಿದ್ದೆಗೆಟ್ಟವರಿಗೆ ಮಾತ್ರ ಇನ್ನೊಂದು ಟ್ರಿಪ್ ಅಷ್ಟೇ, ಮುಗಿಸಿಕೊಂಡು ಹೋಗಿ ಅನ್ನುತ್ತೇವೆ.

2018ರಲ್ಲಿ ಅಮೆರಿಕದಲ್ಲಿ ತುರ್ತು ವೈದ್ಯಕೀಯ ಸೇವೆಗೆಂದೇ ಆಯಾಸ ನಿಭಾಯಿಸುವ ಮಾರ್ಗಸೂಚಿ ಹೊರಬಂತು. ಶಿಫಾರಸುಗಳು ಐದೇ: ಆಯಾಸವನ್ನು ಪ್ರಶ್ನಾವಳಿಯಿಂದ ಅಳೆಯಿರಿ, ಪಾಳಿ 24 ಗಂಟೆಗಿಂತ ಕಡಿಮೆ ಇರಲಿ, ಕೆಫೀನ್ ಕೈಗೆ ಸಿಗಲಿ, ಡ್ಯೂಟಿಯ ನಡುವೆ ಕಿರುನಿದ್ದೆಗೆ ಅವಕಾಶ ಕೊಡಿ, ಆಯಾಸದ ಬಗ್ಗೆ ತರಬೇತಿ ಕೊಡಿ. ಓದಲು ಸುಲಭ. ಜಾರಿಗೆ ತರುವಾಗ ಎಡವುವುದು ಸಣ್ಣ ವಿವರಗಳಲ್ಲಿ.

ಕಿರುನಿದ್ದೆಯನ್ನೇ ತೆಗೆದುಕೊಳ್ಳಿ. 20ರಿಂದ 30 ನಿಮಿಷ ಸಾಕು. ಅದಕ್ಕಿಂತ ಉದ್ದವಾದರೆ ಗಾಢ ನಿದ್ದೆಗೆ ಜಾರಿ, ಎಬ್ಬಿಸಿದಾಗ ತಲೆ ಮಂಕಾಗಿರುತ್ತದೆ. ಆ ಮಂಕು ಕಾಲು ಗಂಟೆಯಿಂದ ಅರ್ಧ ಗಂಟೆ ಇರಬಹುದು. ಕರೆ ಬಂದ ತಕ್ಷಣ ಎದ್ದವರು ಔಷಧದ ಪ್ರಮಾಣವನ್ನು ಒಬ್ಬರೇ ಲೆಕ್ಕ ಹಾಕಬಾರದು. ಲೆಕ್ಕವನ್ನು ಬಾಯಿಬಿಟ್ಟು ಹೇಳಬೇಕು, ಜೊತೆಗಾರರು ಸೀಸೆಯ ಮೇಲಿನ ಬರಹ ಓದಿ ತಾಳೆ ನೋಡಬೇಕು. ಎಚ್ಚರವಿದ್ದವರೇ ಗಾಡಿ ಓಡಿಸಬೇಕು. ಕಾಫಿಯ ವಿಷಯದಲ್ಲೂ ಹೀಗೆಯೇ. ಕುಡಿದ ಕೆಫೀನಿನ ಅರ್ಧದಷ್ಟು ಐದಾರು ಗಂಟೆಯಾದರೂ ಮೈಯಲ್ಲಿ ಉಳಿದಿರುತ್ತದೆ. ಬೆಳಿಗ್ಗೆ ಎಂಟಕ್ಕೆ ಮಲಗುವವರು ಕೊನೆಯ ಲೋಟವನ್ನು ರಾತ್ರಿ ಎರಡಕ್ಕೆ ಮುಗಿಸಬೇಕು. ಆದರೆ ಕಾಫಿ ಬೇಕೇ ಬೇಕು ಅನ್ನಿಸುವುದು ಮೂರರಿಂದ ಐದರ ನಡುವೆ, ಮೈಯ ಉಷ್ಣತೆ ತೀರಾ ಕೆಳಗಿಳಿಯುವ ಹೊತ್ತಿನಲ್ಲಿ. ಆಗ ಕುಡಿದ ಲೋಟದ ಬೆಲೆಯನ್ನು ಹಗಲಿನ ನಿದ್ದೆ ತೆರುತ್ತದೆ. ಆ ಹೊತ್ತಿಗೆ ಕಿರುನಿದ್ದೆಯೇ ಮೇಲು.

ಪಾಳಿ ಬದಲಾಗುವುದಾದರೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮುಂದಕ್ಕೆ ಸರಿಯಲಿ. ಹಿಂದಕ್ಕೆ ಸರಿಸಿದರೆ ಮೈ ಒಗ್ಗಿಕೊಳ್ಳುವುದು ಕಷ್ಟ. ಸತತ ರಾತ್ರಿಗಳು ಮೂರಕ್ಕೆ ನಿಲ್ಲುವುದು ಒಳ್ಳೆಯದು. ಎರಡು ಪಾಳಿಗಳ ನಡುವೆ ಕನಿಷ್ಠ 11 ಗಂಟೆ ಬಿಡುವಿರಬೇಕು. ಎಂಟೇ ಗಂಟೆ ಕೊಟ್ಟರೆ ಓಡಾಟಕ್ಕೆ ಎರಡು, ಸ್ನಾನ-ಊಟಕ್ಕೆ ಒಂದು ಕಳೆದು ನಿದ್ದೆಗೆ ಉಳಿಯುವುದು ಐದು, ಅದೂ ಮಲಗಿದ ಕೂಡಲೇ ನಿದ್ದೆ ಹತ್ತಿದರೆ. ಇಷ್ಟು ಲೆಕ್ಕ ಹಾಕದ ಸಂಸ್ಥೆಗಳು ನೌಕರರ ರಜೆಯ ದಿನದಲ್ಲೇ ಒತ್ತಡ ನಿರ್ವಹಣಾ ಶಿಬಿರ ಇಟ್ಟು ಹಾಜರಾತಿ ಕಡ್ಡಾಯ ಮಾಡುವುದುಂಟು. ಆ ದಿನ ಮಲಗಲು ಬಿಟ್ಟಿದ್ದರೆ ಶಿಬಿರಕ್ಕಿಂತ ಹೆಚ್ಚು ಉಪಕಾರವಾಗುತ್ತಿತ್ತು.

ಇನ್ನು ಸೊಂಟ. ಮನಸ್ಸು ಗಟ್ಟಿಯಿದ್ದವರನ್ನೂ ಈ ಕೆಲಸದಿಂದ ಮನೆಗೆ ಕಳಿಸುವುದು ಇದೇ. ರೋಗಿಗಳನ್ನು ಎತ್ತುವಾಗ ಒಬ್ಬರ ಮೇಲೆ ಸುಮಾರು 16 ಕಿಲೋಗಿಂತ ಹೆಚ್ಚು ಭಾರ ಬೀಳಬಾರದು ಎಂಬ ಮಿತಿಯೊಂದನ್ನು ಔದ್ಯೋಗಿಕ ಸುರಕ್ಷತೆಯ ತಜ್ಞರು ಸೂಚಿಸಿದ್ದಾರೆ. ಈಗ ಮೂರನೇ ಮಹಡಿಯಲ್ಲಿ 80 ಕಿಲೋ ತೂಗುವ ರೋಗಿ, 10 ಕಿಲೋದ ಮೆಟ್ಟಿಲು ಕುರ್ಚಿ, ಹೊರಲು ಇಬ್ಬರು. ಸಮನಾಗಿ ಹಂಚಿದರೂ ಒಬ್ಬರಿಗೆ 45 ಕಿಲೋ. ಮೆಟ್ಟಿಲಲ್ಲಿ ಸಮನಾಗಿ ಹಂಚಿಕೆಯಾಗುವುದೂ ಇಲ್ಲ, ಕೆಳಗಿನವರ ಮೇಲೆಯೇ ಹೆಚ್ಚು ಬೀಳುತ್ತದೆ. ಎತ್ತುವ ಭಂಗಿ ಎಷ್ಟೇ ಸರಿಯಿದ್ದರೂ ಈ ಲೆಕ್ಕ ಸರಿಹೋಗದು. ಹೆಚ್ಚು ಜನ ಬೇಕು, ಅವರನ್ನು ಹೊರಡುವಾಗಲೇ ಕರೆಯಬೇಕು. ಅದಕ್ಕೆ ಕಂಟ್ರೋಲ್ ರೂಮಿನವರು ಕರೆ ತೆಗೆದುಕೊಳ್ಳುವಾಗ ಮೂರು ಪ್ರಶ್ನೆ ಕೇಳಿದರೆ ಆಯಿತು: ಯಾವ ಮಹಡಿ, ಲಿಫ್ಟ್ ಇದೆಯೇ, ರೋಗಿ ಎದ್ದು ನಡೆಯಬಲ್ಲರೇ.

ಸೊಂಟ ಉಳುಕುವುದು ಎತ್ತುವ ಕ್ಷಣದಲ್ಲಷ್ಟೇ ಅಲ್ಲ, ಎತ್ತಿಕೊಂಡು ತಿರುಗುವ ಕ್ಷಣದಲ್ಲೂ. ಪಾದ ನೆಲಕ್ಕಂಟಿದ ಹಾಗೇ ಇರುತ್ತದೆ, ಸೊಂಟ ಮಾತ್ರ ಹೊರಳುತ್ತದೆ. ಮೊದಲು ಪಾದ ತಿರುಗಲಿ, ಅದರ ಹಿಂದೆ ಮೈ. ಭಾರ ಹೊಟ್ಟೆಗೆ ತಾಗುವಷ್ಟು ಹತ್ತಿರವಿರಲಿ. ಎಣಿಸುವವರು ಒಬ್ಬರೇ ಇರಲಿ, ಮತ್ತು ಎತ್ತುವುದು "ಮೂರು" ಅಂದಾಗಲೋ, ಅಂದ ಮೇಲೋ ಎಂದು ಮೊದಲೇ ಮಾತಾಡಿಕೊಳ್ಳಿ. ಅರ್ಧ ಸೆಕೆಂಡ್ ತಪ್ಪಿದರೆ ಪೂರ್ತಿ ಭಾರ ಒಬ್ಬರ ಮೇಲೆ. ನೆಲದಲ್ಲಿ ಬಿದ್ದವರನ್ನು ಕೈಹಾಕಿ ಎತ್ತುವ ಮೊದಲು, ಬೆನ್ನುಮೂಳೆಗೆ ಪೆಟ್ಟಾದ ಅನುಮಾನವಿಲ್ಲದಿದ್ದರೆ, ತಾವೇ ಮಗ್ಗುಲಾಗಿ ಮಂಡಿಯೂರಿ ಏಳಬಲ್ಲರೇ ಎಂದು ನೋಡಿ.

ಮೋಟಾರ್ ಇರುವ ಸ್ಟ್ರೆಚರ್ ಬಂದರೆ ಎಲ್ಲ ಮುಗಿಯಿತು ಅನ್ನುವವರಿದ್ದಾರೆ. ಏರಿಸಿ ಇಳಿಸುವ ಶ್ರಮವನ್ನು ಅದು ಖಂಡಿತ ಉಳಿಸುತ್ತದೆ. ಆದರೆ ಬ್ಯಾಟರಿ, ಮೋಟಾರ್ ಸೇರಿ ಅದರ ಸ್ವಂತ ತೂಕವೇ ಕೈಸ್ಟ್ರೆಚರ್‌ಗಿಂತ ಹೆಚ್ಚು. ಗಾಡಿಯೊಳಗೆ ತಾನೇ ಎಳೆದುಕೊಳ್ಳುವ ವ್ಯವಸ್ಥೆ ಇಲ್ಲದೆ ಸ್ಟ್ರೆಚರ್ ಒಂದನ್ನೇ ಕೊಂಡರೆ ಆ ಹೆಚ್ಚಿನ ತೂಕ ಸಿಬ್ಬಂದಿಯ ಕೈಗೇ ಬರುತ್ತದೆ. ಖರೀದಿಗೆ ಸಹಿ ಹಾಕುವವರು ಒಮ್ಮೆ ತಾವೇ ಎತ್ತಿ ನೋಡಲಿ. ಹಾಗೆಯೇ ಸೈರನ್ ಚಾವಣಿಯಿಂದ ಮುಂದಿನ ಬಂಪರ್‌ಗೆ ಇಳಿದು, ಕಿಟಕಿ ಮುಚ್ಚಿದ್ದರೆ ಕಿವಿಗೆ ಬೀಳುವ ಸದ್ದು ಬಹಳ ತಗ್ಗುತ್ತದೆ. ಕಿವಿ ಹೋಗುವುದು ವರ್ಷಗಳ ಮೇಲೆ, ಸದ್ದಿಲ್ಲದೆ.

ಕೆಟ್ಟ ಕೇಸು ಬಂದಾಗ ಏನು ಮಾಡಬೇಕು? ಎಲ್ಲರನ್ನೂ ಕೂರಿಸಿ, ಏನನ್ನಿಸಿತು ಹೇಳಿ ಎಂದು ಒತ್ತಾಯಿಸುವ ಪದ್ಧತಿ ಒಂದು ಕಾಲಕ್ಕೆ ಬಹಳ ಕಡೆ ಇತ್ತು. ಅಂಥ ಒಂದೇ ಬೈಠಕ್ಕು ಮುಂದಿನ ಮಾನಸಿಕ ಆಘಾತವನ್ನು ತಡೆಯುವುದಿಲ್ಲ ಎಂದು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡುಬಂತು. ಅದರ ಬದಲು ಗಾಡಿ ತೊಳೆಯುವ ಹೊತ್ತಿಗೆ ಹತ್ತು ನಿಮಿಷ ಕೆಲಸದ ಮಾತು ಸಾಕು: ಯಾವುದು ಸರಿಹೋಯಿತು, ಯಾವ ಉಪಕರಣ ಕೈಕೊಟ್ಟಿತು, ಮುಂದಿನ ಕರೆಗೆ ನೀನು ಸಿದ್ಧವೇ. ಇಲ್ಲ ಅಂದರೆ ಗಾಡಿಯನ್ನು ಒಂದು ಗಂಟೆ ಕರೆಯಿಂದ ಹೊರಗಿಡುವ ಅಧಿಕಾರ ಪಾಳಿಯ ಮುಖ್ಯಸ್ಥರಿಗೆ ಇರಬೇಕು, ಕಾರಣ ಬರೆದು ಕೊಡಿ ಎಂದು ಯಾರೂ ಕೇಳಬಾರದು. ಮೊದಲ ಕೆಲವು ದಿನ ನಿದ್ದೆ ಬಾರದಿರುವುದು, ಆ ದೃಶ್ಯ ಕಣ್ಣಮುಂದೆ ಬರುವುದು ಸಹಜ. ಒಂದು ತಿಂಗಳಾದರೂ ಕನಸು ಕಾಡುತ್ತಿದ್ದರೆ, ಆ ರಸ್ತೆಯನ್ನೇ ತಪ್ಪಿಸಿ ಸುತ್ತಿ ಹೋಗುತ್ತಿದ್ದರೆ, ಸಣ್ಣ ಸದ್ದಿಗೂ ಬೆಚ್ಚುತ್ತಿದ್ದರೆ ಅದು ಬರ್ನ್‌ಔಟ್ ಅಲ್ಲ. ರಜೆ ಕೊಟ್ಟರೆ ಹೋಗುವುದೂ ಅಲ್ಲ. ಮನೋವೈದ್ಯರ ಚಿಕಿತ್ಸೆ ಬೇಕು. ತಿಂಗಳು ತುಂಬಲಿ ಎಂದು ಕಾಯಬೇಕಾಗಿಲ್ಲ, ಬದುಕೇ ಬೇಡ ಎಂಬ ಯೋಚನೆ ಬಂದರೆ ಅದೇ ದಿನ ಹೋಗಬೇಕು.

ಮೂರನೆಯ ಲಕ್ಷಣಕ್ಕೆ, ಅಂದರೆ ನನ್ನಿಂದ ಏನೂ ಆಗುತ್ತಿಲ್ಲ ಎಂಬ ಭಾವನೆಗೆ, ಔಷಧ ಬಹಳ ಅಗ್ಗ. ಆಸ್ಪತ್ರೆಯಲ್ಲಿ ಒಬ್ಬರನ್ನು ಗೊತ್ತುಮಾಡಿ, ವಾರಕ್ಕೊಮ್ಮೆ ವರದಿ ಹಾಳೆಯ ಸಂಖ್ಯೆಗಳನ್ನಷ್ಟೇ ಕಳಿಸಿ. ಅಲ್ಲಿಂದ ಪ್ರತಿ ಸಂಖ್ಯೆಗೆ ಎರಡು ಸಾಲು ಬರಲಿ: ಕಾಯಿಲೆ ಏನಾಗಿತ್ತು, ರೋಗಿ ಏನಾದರು. ಹೆಸರು ಬೇಕಿಲ್ಲ. ಪಾರ್ಶ್ವವಾಯು ಎಂದು ಗುರುತಿಸಿ ನೇರ ಸ್ಕ್ಯಾನ್ ಇರುವ ಕಡೆ ಕರೆದೊಯ್ದದ್ದು ಸರಿಯಾಗಿತ್ತು ಎಂದು ತಿಳಿದವರು ಮುಂದಿನ ಕೇಸಿನಲ್ಲಿ ಕೈ ಎತ್ತಿಸಿ, ನಗಿಸಿ, ಮಾತಾಡಿಸಿ ಇನ್ನಷ್ಟು ಜಾಗ್ರತೆಯಿಂದ ನೋಡುತ್ತಾರೆ.

ಹಿರಿಯರನ್ನು ಉಳಿಸಿಕೊಳ್ಳಲು ಕೆಲಸವನ್ನೇ ಬದಲಿಸಿ ಕೊಡಬೇಕಾಗುತ್ತದೆ. ವರ್ಷದಲ್ಲಿ ಎರಡು ತಿಂಗಳು ತರಬೇತಿ ಕೊಡುವುದು, ಕಂಟ್ರೋಲ್ ರೂಮ್, ಉಪಕರಣಗಳ ತಪಾಸಣೆ, ವರದಿ ಹಾಳೆಗಳ ಪರಿಶೀಲನೆ, ಹೊಸಬರ ಜೊತೆ ಮೂರನೆಯವರಾಗಿ ಹೋಗುವುದು. ಇದನ್ನು ಸೊಂಟ ಹೋದ ಮೇಲೆ ಕೊಡುವ ಕನಿಕರದ ಕುರ್ಚಿ ಮಾಡಬೇಡಿ. ಐದನೇ ವರ್ಷದಿಂದಲೇ ಸರದಿಯಲ್ಲಿ ಎಲ್ಲರಿಗೂ ಬರಲಿ. ಸಂಬಳ ಇಳಿಯಬಾರದು. ರಾತ್ರಿ ಭತ್ಯೆ ಕಡಿತವಾಗುತ್ತದೆ ಎಂಬ ಒಂದೇ ಕಾರಣಕ್ಕೆ ಜನ ಈ ಸರದಿಯನ್ನು ಬಿಟ್ಟುಕೊಡುತ್ತಾರೆ. ದೀರ್ಘ ರಜೆಯಿಂದ ಮರಳಿದವರಿಗೆ ಮೊದಲ ಎರಡು ವಾರ ಹಗಲು ಪಾಳಿ ಕೊಡಿ, ಮೂರನೆಯವರಾಗಿ ಗಾಡಿ ಹತ್ತಲಿ, ಔಷಧ ಪೆಟ್ಟಿಗೆಯನ್ನು ತಾವೇ ಒಮ್ಮೆ ಪೂರ್ತಿ ಬಿಚ್ಚಿ ಜೋಡಿಸಲಿ. ರಾತ್ರಿ ಪಾಳಿ ಮೂರನೇ ವಾರದಿಂದ.

ನಮಸ್ಕಾರ.