ಮಾಂಸ ಕೊಳೆಸುವ ನಂಜು: ಬರೀ ಇಂಜೆಕ್ಷನ್ ಯಾಕೆ ಸಾಲುವುದಿಲ್ಲ?

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಸುತ್ತಲಿನ ಹಳ್ಳಿಗಳಿಂದ ಆಶಾ ಕಾರ್ಯಕರ್ತೆಯರು, ನರ್ಸ್‌ಗಳು ಬಂದಿದ್ದೀರಿ. ಸರ್ಜರಿ ಪಾಠ ಮಾಡುವುದಿಲ್ಲ, ಹೆದರಬೇಡಿ. ಒಂದೇ ಕಾಯಿಲೆಯ ಮಾತು: ಚರ್ಮದ ಅಡಿಯ ಪದರಗಳನ್ನು ಕೊಳೆಸುತ್ತಾ ಓಡುವ ನಂಜು. ಕೇಸ್ ಶೀಟ್‌ನಲ್ಲಿ ಇದನ್ನು ನೆಕ್ರೋಟೈಸಿಂಗ್ ಫ್ಯಾಸಿಯೈಟಿಸ್ ಎಂದು ಬರೆಯುತ್ತೇವೆ.

ಜಾಲಿ ಮುಳ್ಳು ಚುಚ್ಚಿರುತ್ತದೆ, ಚಪ್ಪಲಿ ಕಚ್ಚಿರುತ್ತದೆ. ಕೆಲವರಲ್ಲಿ ಗಾಯವೇ ಕಾಣುವುದಿಲ್ಲ. ಶುಗರ್ ಇದ್ದವರಿಗೆ, ಕುಡಿದು ಲಿವರ್ ಕೆಟ್ಟವರಿಗೆ ಅಪಾಯ ಜಾಸ್ತಿ. ಗಟ್ಟಿಮುಟ್ಟಾದ ಹುಡುಗರಿಗೂ ಬರುತ್ತದೆ.

ಗುರುತಿಸುವುದು ಹೇಗೆ? ನೋವು ನೋಡಿ. ಮೇಲೆ ಸ್ವಲ್ಪ ಕೆಂಪು, ಸ್ವಲ್ಪ ಬಾವು ಅಷ್ಟೇ. ಆದರೆ ಮನುಷ್ಯ ಮುಟ್ಟಲು ಬಿಡದೆ ಚೀರುತ್ತಾನೆ. ಕಾಣುವುದಕ್ಕೂ ನೋವಿಗೂ ತಾಳೆಯೇ ಆಗುವುದಿಲ್ಲ. ಚರ್ಮ ನೇರಳೆಯಾಗಿ ಗುಳ್ಳೆ ಏಳುವ ಹೊತ್ತಿಗೆ ತಡವಾಗಿರುತ್ತದೆ. ಆಮೇಲೆ ನೋವು ತಾನಾಗಿ ಕಡಿಮೆಯಾಗಿ ಜಾಗ ಮರಗಟ್ಟಿದರೆ ಮನೆಯವರು "ವಾಸಿಯಾಗ್ತಿದೆ" ಅಂದುಕೊಳ್ಳುತ್ತಾರೆ. ಅಲ್ಲ, ನರ ಸತ್ತಿದೆ. ಜ್ವರ ಇಲ್ಲ ಅಂತಲೂ ಸಮಾಧಾನ ಬೇಡ. ನೋವಿನ ಗುಳಿಗೆ ನುಂಗಿದ್ದರೆ ಜ್ವರ ಅಡಗಿರುತ್ತದೆ.

ಗಂಡಸರಿಗೆ ವೃಷಣದ ಸುತ್ತ ಇದೇ ನಂಜು ಬರುವುದುಂಟು. 1883ರಲ್ಲಿ ಪ್ಯಾರಿಸ್‌ನ ವೈದ್ಯ ಫೋರ್ನಿಯರ್ ವಿವರಿಸಿದ್ದರಿಂದ ಅವರದೇ ಹೆಸರು ಉಳಿದಿದೆ. ನಾಚಿಕೆಯಿಂದ ಹೆಂಡತಿಗೂ ಹೇಳದೆ ಕೂರುತ್ತಾರೆ. ನೀವೇ ಕೇಳಬೇಕು.

ಈಗ ಮುಖ್ಯ ವಿಷಯ. "ಒಳ್ಳೆ ಇಂಜೆಕ್ಷನ್ ಕೊಡಿ ಸಾರ್, ಕೊಯ್ಯೋದು ಬೇಡ" ಅನ್ನುವುದು ದಿನನಿತ್ಯದ ಮಾತು. ಭದ್ರಾ ನಾಲೆ ನಡುವೆ ಕಟ್ಟಿಕೊಂಡರೆ ಕೊನೆ ಭಾಗದ ಗದ್ದೆಗೆ ನೀರು ಹೋಗುತ್ತದೆಯೇ? ಇಲ್ಲೂ ಹಾಗೇ. ಕೊಳೆತ ಪದರದ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿರುತ್ತದೆ. ಮೆರೋಪೆನೆಮ್ ಆಗಲಿ, ವ್ಯಾಂಕೊಮೈಸಿನ್ ಆಗಲಿ, ಬ್ಯಾಕ್ಟೀರಿಯಾ ಕೊಲ್ಲುವ ಯಾವ ಇಂಜೆಕ್ಷನ್ನೂ ಅಲ್ಲಿಗೆ ತಲುಪುವುದೇ ಇಲ್ಲ. ಸುತ್ತ ಉಳಿದ ಜೀವಂತ ಮಾಂಸವನ್ನು ಕಾಯಲು, ರಕ್ತಕ್ಕೆ ಸೇರಿದ ನಂಜನ್ನು ತಡೆಯಲು ಅವು ಬೇಕೇ ಬೇಕು. ಕ್ಲಿಂಡಮೈಸಿನ್ ಕೂಡ ಸೇರಿಸುತ್ತೇವೆ, ಅದು ಬ್ಯಾಕ್ಟೀರಿಯಾ ವಿಷ ತಯಾರಿಸುವುದನ್ನು ತಗ್ಗಿಸುತ್ತದೆ. ಆದರೆ ಸತ್ತದ್ದನ್ನು ಕತ್ತರಿಸಿ ತೆಗೆಯಲೇಬೇಕು. 1924ರಲ್ಲಿ ಮೆಲೆನಿ ಎಂಬ ಸರ್ಜನ್ ಚೀನಾದ ಪೀಕಿಂಗ್‌ನಲ್ಲಿ ಕಂಡ ಇಂಥ ರೋಗಿಗಳ ಬಗ್ಗೆ ಬರೆದರು. ಪೆನಿಸಿಲಿನ್ ಇನ್ನೂ ಬಂದಿರಲಿಲ್ಲ. ಬೇಗ ಕೊಯ್ದು ಬಿಡಿಸಿದ್ದರಿಂದಲೇ ಹೆಚ್ಚಿನವರು ಉಳಿದರು.

ಅನುಮಾನ ಇದ್ದರೆ ಸ್ಕ್ಯಾನ್‌ಗೆಂದು ಗಂಟೆಗಟ್ಟಲೆ ಕಾಯುವುದಿಲ್ಲ. ಚಿಕ್ಕದಾಗಿ ಕೊಯ್ದು ಬೆರಳು ಹಾಕುತ್ತೇವೆ. ಬೂದು ಬಣ್ಣದ ತೆಳು ನೀರು ಬಂದು, ರಕ್ತ ಒಸರದೆ, ಪದರಗಳು ಬೆರಳಿಗೇ ಬಿಟ್ಟುಕೊಂಡರೆ ಇನ್ನೇನು ಅನುಮಾನ?

ಮರುದಿನ ಮತ್ತೆ ಆಪರೇಷನ್ ಥಿಯೇಟರ್‌ಗೆ ಕರೆದೊಯ್ದಾಗ ಮನೆಯವರ ಸಿಟ್ಟು ನೋಡಬೇಕು. "ನಿನ್ನೆ ತಾನೇ ಮಾಡಿದ್ರಲ್ಲ, ಸರಿಯಾಗಿ ಮಾಡಲಿಲ್ವಾ?" ಅಂತಾರೆ. ನ್ಯಾಯವಾದ ಪ್ರಶ್ನೆಯೇ. ನಿನ್ನೆ ಜೀವ ಇದ್ದ ಅಂಚು ರಾತ್ರಿಯಲ್ಲಿ ಸತ್ತಿರಬಹುದು. ಅದಕ್ಕೇ ಒಂದು ದಿನದೊಳಗೆ ಮತ್ತೆ ನೋಡಿ, ಅಂಚಿನಲ್ಲಿ ಕೆಂಪು ರಕ್ತ ಬರುವ ಮಾಂಸ ಸಿಗುವ ತನಕ ತೆಗೆಯುತ್ತೇವೆ. ಇದನ್ನು ಮೊದಲ ದಿನವೇ ಅವರಿಗೆ ಹೇಳದಿರುವುದು ಡಾಕ್ಟರುಗಳ ತಪ್ಪು. ಗಾಯ ಶುದ್ಧವಾದ ಮೇಲೆ ತೊಡೆಯ ಚರ್ಮ ತೆಗೆದು ಕೂರಿಸುತ್ತೇವೆ.

"ಕಾಲು ತೆಗೀತಾರೆ" ಅಂತ ಹೆದರಿ ಸೊಪ್ಪು ಕಟ್ಟಿ ಕೂತವರ ಕಾಲೇ ಹೆಚ್ಚಾಗಿ ಹೋಗುವುದು. ಬೇಗ ಬಂದವರಲ್ಲಿ ಬಹಳ ಮಂದಿ ನಡೆದು ಮನೆಗೆ ಹೋಗುತ್ತಾರೆ.

ನೀವು ಮಾಡಬೇಕಾದ್ದು ಇಷ್ಟು. ಕೆಂಪಾದ ಜಾಗದ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆದು ಗಂಟೆ ಬರೆಯಿರಿ. ಗೆರೆ ದಾಟುತ್ತದೆಯಾ ನೋಡೋಣ ಅಂತ ಕಾಯಬೇಡಿ, ಆಗಲೇ 108ಕ್ಕೆ ಫೋನ್ ಮಾಡಿ. ನೋವು ಶುರುವಾದ ಹೊತ್ತು, ಶುಗರ್ ಎಷ್ಟಿತ್ತು, ಯಾವ ಇಂಜೆಕ್ಷನ್ ಆಗಿದೆ ಅನ್ನುವುದನ್ನು ಚೀಟಿಯಲ್ಲಿ ಬರೆದು ಕಳಿಸಿ. ದೊಡ್ಡಾಸ್ಪತ್ರೆಗೂ ಮೊದಲೇ ಒಂದು ಫೋನ್ ಹೋದರೆ ರೋಗಿ ಬರುವ ಹೊತ್ತಿಗೆ ಥಿಯೇಟರ್ ತಯಾರಿರುತ್ತದೆ.